ಉದ್ಯೋಗದಲ್ಲಿ ಹೆಣ್ಣು ತಾನಾಗಿಯೇ ಉಳಿಯುವುದು: ನಮ್ಮ ಕರಾವಳಿಯ ಅನುಭವಗಳು ಏನು ಹೇಳುತ್ತವೆ?

ಲೆಕ್ಕಪರಿಶೋಧಕಿ, ಕದ್ರಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿ ಹಿರಿಯ ಹುದ್ದೆಯಲ್ಲಿದ್ದೇನೆ. ಈ ಸಾಲಿನ ಮೌಲ್ಯಮಾಪನದಲ್ಲಿ ನನ್ನ ಬಗ್ಗೆ ಎರಡು ಆಕ್ಷೇಪಗಳನ್ನು ಬರೆದಿದ್ದಾರೆ. ಕಾರ್ಖಾನೆಗಳಿಗೆ ತಪಾಸಣೆಗೆ ಹೋದಾಗ ಅಲ್ಲಿ ಕೆಲಸ ಮಾಡುವ ಹೆಂಗಸರೊಂದಿಗೆ ತುಳುವಿನಲ್ಲಿ ಸಲಿಗೆಯಿಂದ ಮಾತನಾಡುತ್ತೇನೆ, ಅದರಿಂದ ಹುದ್ದೆಗೆ ತಕ್ಕ ಗಾಂಭೀರ್ಯ ಕಾಣುವುದಿಲ್ಲ ಎಂಬುದು ಮೊದಲನೆಯದು. ಮಾಲೀಕರ ಜೊತೆಗಿನ ಸಭೆಗಳಲ್ಲಿ ಪಟ್ಟು ಹಿಡಿದು ಪ್ರಶ್ನೆ ಕೇಳುವುದರಿಂದ ಒರಟಾಗಿ ತೋರುತ್ತೇನೆ ಎಂಬುದು ಎರಡನೆಯದು. ಅಂದರೆ ಒಂದೆಡೆ ನಾನು ತೀರಾ ಮೃದು, ಇನ್ನೊಂದೆಡೆ ತೀರಾ ಕಠಿಣ. ನನ್ನ ಜೊತೆಯಲ್ಲೇ ಸೇರಿದ ಪುರುಷ ಸಹೋದ್ಯೋಗಿಯೂ ಸಭೆಗಳಲ್ಲಿ ಹೀಗೆಯೇ ಪಟ್ಟು ಹಿಡಿಯುತ್ತಾರೆ. ಅವರ ವರದಿಯಲ್ಲಿ ಅದು ದೃಢತೆ ಎಂದು ದಾಖಲಾಗಿದೆ.

ಮೊದಲನೆಯ ಆಕ್ಷೇಪದ ಕುರಿತು ಒಂದು ಸಂಗತಿ ಹೇಳಬೇಕು. ಗೇರುಬೀಜದ ಕಾರ್ಖಾನೆಯೊಂದರಲ್ಲಿ ದಾಸ್ತಾನು ತಪಾಸಣೆ ನಡೆಯುತ್ತಿತ್ತು. ತಿರುಳಿನ ದರ್ಜೆಯನ್ನು ಇಡೀ ಬೀಜ, ಹೋಳು, ತುಂಡು ಎಂದು ವಿಂಗಡಿಸುತ್ತಾರೆ. ಇಡೀ ಬೀಜದಲ್ಲಿ ಡಬ್ಲ್ಯು 320 ಎಂದರೆ ಒಂದು ಪೌಂಡಿಗೆ ಸುಮಾರು 300ರಿಂದ 320 ಬೀಜ ತೂಗುವ ದರ್ಜೆ. ಇಡೀ ಬೀಜಕ್ಕೂ ಹೋಳಿಗೂ ಬೆಲೆಯಲ್ಲಿ ದೊಡ್ಡ ಅಂತರವಿರುವುದರಿಂದ ದಾಸ್ತಾನಿನ ಮೌಲ್ಯವೆಲ್ಲ ಈ ವಿಂಗಡಣೆಯ ಮೇಲೆ ನಿಂತಿರುತ್ತದೆ. ಪುಸ್ತಕದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಸಿಪ್ಪೆ ತೆಗೆಯುವ ಸಾಲಿನಲ್ಲಿ ಕುಳಿತಿದ್ದ ಹಿರಿಯ ಹೆಂಗಸೊಬ್ಬರ ಪಕ್ಕದಲ್ಲಿ ಕುಳಿತು ಊರು, ಮಕ್ಕಳ ಓದು ಎಂದು ಮಾತನಾಡುತ್ತಿದ್ದಾಗ ಅವರು ತಾವಾಗಿಯೇ, "ಅಕ್ಕ, ಪೊಸ ಮಿಷನ್ ಬತ್ತಿ ಬೊಕ್ಕ ಬೀಜ ಮಸ್ತ್ ತುಂಡಾಪುಂಡು" ಎಂದರು. ಹೊಸ ಯಂತ್ರ ಬಂದ ಮೇಲೆ ಬೀಜ ಹೆಚ್ಚು ಒಡೆಯುತ್ತಿದ್ದರೆ ಇಡೀ ಬೀಜದ ಪ್ರಮಾಣ ಹಿಂದಿನಂತೆಯೇ ಇರಲು ಹೇಗೆ ಸಾಧ್ಯ? ಮೊಹರು ಹಾಕಿದ ತಗಡಿನ ಡಬ್ಬಗಳಲ್ಲಿ ಕೆಲವನ್ನು ತೆರೆಸಿ ತಟ್ಟೆಯ ಮೇಲೆ ಸುರಿದು ಎಣಿಸಿದೆವು. ಇಡೀ ಬೀಜವೆಂದು ಚೀಟಿ ಅಂಟಿಸಿದ್ದ ಡಬ್ಬಗಳಲ್ಲಿ ಹೋಳು ಸಾಕಷ್ಟಿತ್ತು. ದಾಸ್ತಾನಿನ ಮೌಲ್ಯವನ್ನು ತಗ್ಗಿಸಿಯೇ ಲೆಕ್ಕ ಮುಗಿಸಬೇಕಾಯಿತು.

ಯಾವ ಸಲಿಗೆ ಗಾಂಭೀರ್ಯಕ್ಕೆ ಕೊರತೆ ಎಂದು ವರದಿಯಲ್ಲಿದೆಯೋ ಅದೇ ಸಲಿಗೆಯಿಂದ ಈ ಸತ್ಯ ಹೊರಬಂತು. ಇದನ್ನು ಬಿಟ್ಟು ಇನ್ನೊಬ್ಬರಂತೆ ನಡೆದುಕೊಳ್ಳಲು ನನಗೆ ಮನಸ್ಸಿಲ್ಲ. ಆದರೆ ಬಡ್ತಿಯ ಪ್ರಶ್ನೆ ಎದುರಿಗಿದೆ. ಬೇರೆ ಬೇರೆ ಉದ್ಯೋಗಗಳಲ್ಲಿರುವ ಹೆಣ್ಣುಮಕ್ಕಳು ಇದನ್ನು ಹೇಗೆ ನಿಭಾಯಿಸಿದ್ದೀರಿ ಎಂದು ತಿಳಿಯುವ ಆಸೆ ನನ್ನದು.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂಜಿಬೆಟ್ಟು, ಉಡುಪಿ

ತಂಗಿ, ನೀವು ಬರೆದದ್ದನ್ನು ಓದಿ ನನ್ನ ಸೇವೆಯ ವರ್ಷಗಳೆಲ್ಲ ಕಣ್ಣ ಮುಂದೆ ಬಂದವು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಬ್ಯಾಂಕುಗಳ ತವರು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕುಗಳು ಇಲ್ಲಿಯೇ ಹುಟ್ಟಿದವು. ಕೆನರಾ ಬ್ಯಾಂಕಿನ ಸ್ಥಾಪಕರಾದ ಅಮ್ಮೆಂಬಳ ಸುಬ್ಬರಾವ್ ಪೈಯವರು ಬ್ಯಾಂಕಿಗಿಂತ ಮೊದಲೇ, 1894ರಲ್ಲಿ, ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಿದ್ದರು. 1921ರಲ್ಲಿ ಸಂತ ಆ್ಯಗ್ನೆಸ್ ಮಹಿಳಾ ಕಾಲೇಜು ಬಂತು. ಹೀಗೆ ಓದಿನ ಬಾಗಿಲು ನಮಗೆ ಬೇಗ ತೆರೆಯಿತು. ಆದರೆ ಕಚೇರಿಯೊಳಗಿನ ಕುರ್ಚಿ ಮಾತ್ರ ಗಂಡಸಿನ ಅಳತೆಗೆ ಮಾಡಿದ್ದಾಗಿಯೇ ಉಳಿಯಿತು.

ನಮ್ಮ ಕಾಲದಲ್ಲಿ ಗುಮಾಸ್ತೆಯಾಗಿ ಸೇರಿದವರು ಅಧಿಕಾರಿಯಾಗಬೇಕಾದರೆ ವರ್ಗಾವಣೆಯನ್ನು ಒಪ್ಪಲೇಬೇಕಾಗಿತ್ತು. ಮನೆ, ಮಕ್ಕಳು, ಅತ್ತೆ ಮಾವಂದಿರ ಆರೈಕೆ ಎಂದು ಎಷ್ಟೋ ಸಮರ್ಥ ಹೆಣ್ಣುಮಕ್ಕಳು ಬಡ್ತಿ ಬೇಡವೆಂದು ಬರೆದುಕೊಟ್ಟು ಅದೇ ಕೌಂಟರಿನಲ್ಲಿ ನಿವೃತ್ತರಾದರು. ಒಪ್ಪಿ ಹೋದವರ ಮೇಲೆ ಬೇರೊಂದು ಒತ್ತಡವಿತ್ತು. ಹಿಂದಿನ ಮ್ಯಾನೇಜರರು ಹೇಗೆ ಗದರುತ್ತಿದ್ದರೋ ಹಾಗೆ ಗದರಿದರೆ ಮಾತ್ರ ಸಿಬ್ಬಂದಿ ಮಾತು ಕೇಳುತ್ತಾರೆ ಎಂದು ಹಿತೈಷಿಗಳೇ ಕಿವಿಮಾತು ಹೇಳುತ್ತಿದ್ದರು.

ಗ್ರಾಮೀಣ ಶಾಖೆಯೊಂದರ ಹೊಣೆ ಹೊತ್ತಾಗ ಅಲ್ಲಿ ಚಿನ್ನದ ಅಡವು ಸಾಲದ ವ್ಯವಹಾರ ಜೋರಾಗಿತ್ತು. ಜೂನ್ ಬಂತೆಂದರೆ ಶಾಲೆಯ ಫೀಸು, ಗದ್ದೆಯ ಖರ್ಚು, ಮಳೆಗಾಲದ ಸಾಮಾನು ಎಂದು ಹೆಂಗಸರು ಬಳೆ, ಸರ, ಕೆಲವೊಮ್ಮೆ ಕರಿಮಣಿಯನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಚಿನ್ನ ಪರೀಕ್ಷಿಸುವವರ ಮೇಜು ಹೊರಗಿನ ಹಜಾರದಲ್ಲಿಯೇ ಇತ್ತು. ಎಲ್ಲರೂ ನೋಡುತ್ತಿರುವಾಗ ಆಭರಣವನ್ನು ಒರೆಗಲ್ಲಿಗೆ ಉಜ್ಜಿ, ತಕ್ಕಡಿಗೆ ಹಾಕಿ, ತೂಕವನ್ನು ಗಟ್ಟಿಯಾಗಿ ಹೇಳುವುದು ರೂಢಿ. ಪಕ್ಕದ ಮನೆಯವರು ಸಾಲಿನಲ್ಲಿ ನಿಂತಿದ್ದರೆ ಆ ಹೆಂಗಸರು ಸೆರಗಿನೊಳಗೆ ಗಂಟನ್ನು ಮುಚ್ಚಿಕೊಂಡು ಹಿಂದಕ್ಕೆ ಹೋಗಿಬಿಡುತ್ತಿದ್ದರು. ನನಗಿಂತ ಮೊದಲು ಅಲ್ಲಿದ್ದವರು ಕೆಟ್ಟವರೇನೂ ಆಗಿರಲಿಲ್ಲ, ಅವರಿಗೆ ಇದು ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ. ಆ ಮೇಜನ್ನು ಒಳಕೋಣೆಗೆ ಹಾಕಿಸಿ, ಒಬ್ಬೊಬ್ಬರನ್ನೇ ಕರೆಯುವ ವ್ಯವಸ್ಥೆ ಮಾಡಿದೆ. ಹಿಂದಕ್ಕೆ ಹೋಗುತ್ತಿದ್ದವರೂ ಒಳಗೆ ಬರತೊಡಗಿದರು.

ಇದಕ್ಕೆ ಗದರುವ ದನಿ ಬೇಕಿರಲಿಲ್ಲ. ಮನೆಯ ಚಿನ್ನ ಅಡವಿಡುವ ಹೆಣ್ಣಿನ ಸಂಕೋಚ ಹೇಗಿರುತ್ತದೆ ಎಂಬುದು ಗೊತ್ತಿದ್ದರೆ ಸಾಕಿತ್ತು. ನಮ್ಮತನವನ್ನು ಹೊರಗಿಟ್ಟು ಬನ್ನಿ ಎಂದು ಸಂಸ್ಥೆ ಕೇಳಿದಾಗ ಅದು ಕಳೆದುಕೊಳ್ಳುವುದು ಇಂಥ ಗಮನವನ್ನು. ಗೇರುಬೀಜದ ಕಾರ್ಖಾನೆಯಲ್ಲಿ ನೀವು ತೋರಿದ್ದೂ ಅದನ್ನೇ. ಮುಂದಿನ ಮೌಲ್ಯಮಾಪನಕ್ಕೆ ಹೋಗುವಾಗ ಸ್ವಭಾವದ ಬಗ್ಗೆ ವಾದ ಮಾಡಬೇಡಿ; ಆ ಸ್ವಭಾವದಿಂದ ಸಂಸ್ಥೆಗೆ ಏನು ದಕ್ಕಿತು ಎಂಬುದನ್ನು ದಾಖಲೆ ಸಹಿತ ಮೇಜಿನ ಮೇಲಿಡಿ.

ತಂತ್ರಾಂಶ ಎಂಜಿನಿಯರ್, ಸುರತ್ಕಲ್

ಹಿರಿಯರ ಮಾತಿಗೆ ಗೌರವವಿದೆ. ಆದರೂ ನಾನು ಸ್ವಲ್ಪ ಬೇರೆ ರೀತಿಯಲ್ಲಿ ಯೋಚಿಸುತ್ತೇನೆ. ನಮ್ಮ ಕ್ಷೇತ್ರದಲ್ಲಿ ಈಗ ಕಂಪೆನಿಗಳೇ ಮುಂದೆ ಬಂದು, ಕೆಲಸಕ್ಕೆ ನಿಮ್ಮ ಇಡೀ ವ್ಯಕ್ತಿತ್ವವನ್ನು ತನ್ನಿ, ಮನಸ್ಸು ಬಿಚ್ಚಿ ಮಾತನಾಡಿ ಎನ್ನುತ್ತವೆ. ತಂಡದ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ಜೀವನದ ಕಷ್ಟವೊಂದನ್ನು ಹಂಚಿಕೊಳ್ಳಬೇಕೆಂದು ಒಮ್ಮೆ ಕೇಳಿದರು. ನನ್ನ ಬದುಕಿನಲ್ಲಿ ಆಗ ವಿಚ್ಛೇದನದ ಪ್ರಕರಣ ನಡೆಯುತ್ತಿತ್ತು. ಅದನ್ನು ಹದಿನೈದು ಜನ ಸಹೋದ್ಯೋಗಿಗಳ ಮುಂದೆ ಏಕೆ ಹೇಳಲಿ? ನಮ್ಮದು ಸಣ್ಣ ಊರು; ಬೆಳಿಗ್ಗೆ ಕಚೇರಿಯಲ್ಲಿ ಹೇಳಿದ್ದು ಸಂಜೆಯ ಹೊತ್ತಿಗೆ ಯಾವುದೋ ಮದುವೆ ಮನೆಯ ಊಟದ ಪಂಕ್ತಿಗೆ ತಲುಪುತ್ತದೆ. ನಾನು ನನ್ನ ಪುಸ್ತಕದ ಓದಿನ ಬಗ್ಗೆ ಎರಡು ಮಾತು ಹೇಳಿ ಕುಳಿತೆ.

ಕಚೇರಿಯಲ್ಲಿ ನಾನು ಮಿತಭಾಷಿ. ನಗುವುದೂ ಕಡಿಮೆ. ಇದು ಮುಖವಾಡವೆಂದು ಕೆಲವರು ತಿಳಿದಿದ್ದಾರೆ. ನನಗೆ ಇದು ರಕ್ಷಣೆ, ಅದರೊಳಗೆ ನಾನು ನೆಮ್ಮದಿಯಿಂದ ಕೆಲಸ ಮಾಡುತ್ತೇನೆ. ಗಂಡಸು ಮಿತಭಾಷಿಯಾದರೆ ಅವನಿಗೆ ಏನೋ ಮುಚ್ಚಿಡುವುದಿದೆ ಎಂದು ಯಾರೂ ಅನುಮಾನಿಸುವುದಿಲ್ಲ. ಹೆಣ್ಣು ಮಾತ್ರ ಬೆಚ್ಚಗೆ, ತೆರೆದ ಮನಸ್ಸಿನಿಂದ, ಎಲ್ಲರಿಗೂ ಸುಲಭವಾಗಿ ಒದಗಬೇಕು ಎಂಬ ನಿರೀಕ್ಷೆಯೂ ಒಂದು ಬಗೆಯ ಅಚ್ಚು. ತಾನಾಗಿ ಉಳಿಯುವುದರಲ್ಲಿ ಹೇಳದೆ ಇರುವ ಹಕ್ಕೂ ಸೇರಬೇಕು ಎಂಬುದು ನನ್ನ ಆಗ್ರಹ.

ವಕೀಲೆ, ಮಂಗಳೂರು

ಸುರತ್ಕಲ್‌ನವರು ಹೇಳಿದ ಅಚ್ಚಿನ ಮಾತು ನ್ಯಾಯಾಲಯದ ಇತಿಹಾಸದಲ್ಲಿಯೂ ಇದೆ, ಅದೂ ಲೆಕ್ಕಪರಿಶೋಧಕರ ವೃತ್ತಿಯಲ್ಲಿಯೇ. ಅಮೆರಿಕದ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯಲ್ಲಿ 1982ರಲ್ಲಿ ಪಾಲುದಾರಿಕೆಗೆ ಸೂಚಿತರಾದ 88 ಮಂದಿಯಲ್ಲಿ ಆ್ಯನ್ ಹಾಪ್ಕಿನ್ಸ್ ಒಬ್ಬರೇ ಮಹಿಳೆ. ಸರ್ಕಾರದ ದೊಡ್ಡದೊಂದು ಗುತ್ತಿಗೆಯನ್ನು ಸಂಸ್ಥೆಗೆ ತಂದುಕೊಟ್ಟವರು ಅವರು. ಆದರೂ ಅವರಿಗೆ ಪಾಲುದಾರಿಕೆ ಸಿಗಲಿಲ್ಲ. ನಡಿಗೆ, ಮಾತು, ಉಡುಪುಗಳಲ್ಲಿ ಹೆಚ್ಚು ಹೆಣ್ತನ ತೋರಿಸುವಂತೆ, ಪ್ರಸಾಧನ ಬಳಸುವಂತೆ, ಆಭರಣ ತೊಡುವಂತೆ ಅವರಿಗೆ ಸಲಹೆ ಕೊಟ್ಟರು. ಅವರು ನ್ಯಾಯಾಲಯಕ್ಕೆ ಹೋದರು. ಹೆಣ್ಣು ಹೀಗೆಯೇ ಇರಬೇಕೆಂಬ ಸಿದ್ಧ ಕಲ್ಪನೆಯಿಂದ ಉದ್ಯೋಗದ ತೀರ್ಮಾನ ಕೈಗೊಳ್ಳುವುದು ಲಿಂಗ ತಾರತಮ್ಯವೇ ಎಂದು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು. ಮುಂದೆ ನ್ಯಾಯಾಲಯದ ಆದೇಶದಿಂದಲೇ ಅವರು ಪಾಲುದಾರರಾದರು. ಆ ತೀರ್ಪು ನಮ್ಮಲ್ಲಿ ಅನ್ವಯಿಸುವುದಿಲ್ಲ. ಆದರೆ ಕದ್ರಿಯವರ ವರದಿಯಲ್ಲಿರುವ ಎರಡು ಆಕ್ಷೇಪಗಳನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಹೋರಾಟ ಇನ್ನೂ ಕೆಳಗಿನ ಮೆಟ್ಟಿಲಿನಿಂದ ಶುರುವಾಯಿತು. ಕೊಡಗಿನ ಸಿ. ಬಿ. ಮುತ್ತಮ್ಮ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿದ್ದ ಹೆಣ್ಣು ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕಿತ್ತು. ಸಂಸಾರದ ಹೊಣೆಯಿಂದ ದಕ್ಷತೆ ಕುಗ್ಗಿತೆಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಬೇಕೆಂಬ ನಿಯಮವೂ ಇತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿನ ಮೊರೆ ಹೋದರು. ಅರ್ಜಿ ವಿಚಾರಣೆಯಲ್ಲಿರುವಾಗಲೇ ಬಡ್ತಿ ದೊರೆತದ್ದರಿಂದ ಅದು ವಜಾ ಆಯಿತು, ಆದರೆ 1979ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿ, ಸೇವಾ ನಿಯಮಗಳಲ್ಲಿರುವ ತಾರತಮ್ಯವನ್ನು ತೆಗೆಯಬೇಕೆಂದು ಸರ್ಕಾರಕ್ಕೆ ಹೇಳಿದರು. 1981ರಲ್ಲಿ ಏರ್ ಇಂಡಿಯಾ ಪ್ರಕರಣದಲ್ಲಿ, ಗಗನಸಖಿ ಮೊದಲ ಬಾರಿ ಗರ್ಭಿಣಿಯಾದೊಡನೆ ಕೆಲಸದಿಂದ ತೆಗೆಯುವ ನಿಯಮವನ್ನು ಅದೇ ನ್ಯಾಯಾಲಯ ರದ್ದುಪಡಿಸಿತು. ಮದುವೆಯಾಗುವುದು, ತಾಯಿಯಾಗುವುದು, ಇಷ್ಟನ್ನು ಉದ್ಯೋಗದೊಂದಿಗೆ ಉಳಿಸಿಕೊಳ್ಳಲು ಹೆಣ್ಣುಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಿ ಬಂದ ದೇಶದಲ್ಲಿ ದನಿ, ನಗು, ಭಾಷೆಗಳ ಪ್ರಶ್ನೆ ಈಗಷ್ಟೇ ಎದ್ದಿದೆ ಎಂಬುದನ್ನು ನೆನಪಿಡಬೇಕು.

ಪ್ರಾಯೋಗಿಕವಾಗಿ ಒಂದು ಸಲಹೆ: ವರದಿಗೆ ಲಿಖಿತ ಉತ್ತರ ಕೊಡಿ. ಯಾವ ದಿನ, ಯಾವ ಸಭೆಯಲ್ಲಿ, ಯಾವ ಮಾತು ಒರಟಾಗಿತ್ತು, ಅದರಿಂದ ಕೆಲಸಕ್ಕೆ ಏನು ತೊಂದರೆಯಾಯಿತು ಎಂದು ವಿನಯದಿಂದ ಕೇಳಿ. ಅದೇ ಅಳತೆಗೋಲನ್ನು ಉಳಿದವರಿಗೂ ಬಳಸಿದ್ದಾರೆಯೇ ಎಂದೂ ಕೇಳಿ. ಉತ್ತರ ಬರೆಯಲು ಕೂತಾಗ ಬರೆದವರಿಗೇ ತಮ್ಮ ಪೂರ್ವಗ್ರಹ ಗೋಚರಿಸಿದ ನಿದರ್ಶನಗಳನ್ನು ನಾನು ಕಂಡಿದ್ದೇನೆ.

ಶುಶ್ರೂಷಕಿ, ಮಣಿಪಾಲ

ನಮ್ಮಲ್ಲಿ ನಗು ಕರ್ತವ್ಯದ ಭಾಗ. ರಾತ್ರಿ ಪಾಳಿಯ ಕೊನೆಯಲ್ಲಿ, ಕೈಯಲ್ಲೇ ಒಬ್ಬ ರೋಗಿ ತೀರಿಕೊಂಡ ಅರ್ಧ ಗಂಟೆಯ ಬಳಿಕ, ಪಕ್ಕದ ಹಾಸಿಗೆಯವರಿಗೆ ನಗುಮುಖದಿಂದಲೇ ಔಷಧ ಕೊಡಬೇಕು. ಅದಕ್ಕೆ ನನ್ನ ತಕರಾರಿಲ್ಲ, ಆ ನಗು ರೋಗಿಗೆ ಬೇಕು. ಆದರೆ ಸಿಬ್ಬಂದಿ ಕೋಣೆಯೊಳಗೆ ಹೋದ ಮೇಲೂ ನಾವು ಅಳಬಾರದು, ಅತ್ತರೆ ಈಕೆ ಈ ವೃತ್ತಿಗೆ ತಕ್ಕವಳಲ್ಲ ಎನ್ನುವುದು ಸರಿಯಲ್ಲ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಸಾವಿನ ನಂತರ ಹತ್ತು ನಿಮಿಷ ಆ ಹಾಸಿಗೆಯ ಶುಶ್ರೂಷಕಿಯನ್ನು ಬೇರೆ ಕೆಲಸಕ್ಕೆ ಕರೆಯುವುದಿಲ್ಲ, ತಾವೇ ಅವಳ ರೋಗಿಗಳನ್ನು ನೋಡಿಕೊಳ್ಳುತ್ತಾರೆ. ಯಾವ ಸುತ್ತೋಲೆಯಲ್ಲಿಯೂ ಇಲ್ಲದ ಈ ಹತ್ತು ನಿಮಿಷದಿಂದಾಗಿ ಎಷ್ಟೋ ಹುಡುಗಿಯರು ಕೆಲಸ ಬಿಡದೆ ಉಳಿದಿದ್ದಾರೆ.

ಇನ್ನೊಂದು ವಿಷಯ. ಮಹಿಳಾ ನೌಕರರಿಗೆ ತಿಂಗಳಿಗೊಂದು ದಿನ ವೇತನಸಹಿತ ಋತುಚಕ್ರ ರಜೆ ನೀಡುವ ನೀತಿಗೆ ನಮ್ಮ ರಾಜ್ಯದ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ನೀಡಿತು. ಮನಸ್ಸಿಗೆ ಸಂತೋಷವಾಯಿತು. ಆದರೆ ಪಾಳಿಯ ಪಟ್ಟಿಯನ್ನು ಗೋಡೆಗೆ ಅಂಟಿಸುವ ಕಡೆಗಳಲ್ಲಿ ಯಾರು ಯಾವ ದಿನ ಯಾವ ರಜೆ ಹಾಕಿದ್ದಾರೆಂದು ಎಲ್ಲರೂ ಓದುತ್ತಾರೆ. ರಜೆಯ ಹೆಸರನ್ನು ಪಟ್ಟಿಯಲ್ಲಿ ಬರೆಯದೆ ಬರೇ ರಜೆ ಎಂದಷ್ಟೇ ನಮೂದಿಸುವ ಸಣ್ಣ ಬದಲಾವಣೆ ಮಾಡಿದರೆ ಹುಡುಗಿಯರು ಸಂಕೋಚವಿಲ್ಲದೆ ಅದನ್ನು ಬಳಸಿಯಾರು. ಸುರತ್ಕಲ್‌ನ ಅಕ್ಕ ಹೇಳಿದ ಹೇಳದಿರುವ ಹಕ್ಕು ಇಲ್ಲಿಯೂ ಬೇಕು.

ಲೆಕ್ಕಪರಿಶೋಧಕಿ, ಕದ್ರಿ, ಮಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ವಕೀಲರು ಹಾಪ್ಕಿನ್ಸ್ ಅವರ ಪ್ರಕರಣವನ್ನು ಹೇಳಿದಾಗ ನನಗೆ ನಮ್ಮದೇ ವೃತ್ತಿಯ ಆರ್. ಶಿವಭೋಗಂ ಅವರ ನೆನಪಾಯಿತು. ಭಾರತದಲ್ಲಿ ಲೆಕ್ಕಪರಿಶೋಧಕಿಯಾಗಿ 1933ರಲ್ಲಿ ಅರ್ಹತೆ ಪಡೆದ ಮೊದಲ ಮಹಿಳೆ ಅವರು. ಅದಕ್ಕೂ ಮೊದಲೇ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು, ಬದುಕಿನುದ್ದಕ್ಕೂ ಖಾದಿಯನ್ನೇ ಉಟ್ಟವರು. ಬ್ರಿಟಿಷರ ಆಳ್ವಿಕೆಯಲ್ಲಿ, ಬ್ರಿಟಿಷ್ ಸಂಸ್ಥೆಗಳೇ ತುಂಬಿದ್ದ ವೃತ್ತಿಯಲ್ಲಿ, ಖಾದಿ ಸೀರೆಯಲ್ಲಿ ಕೂತು ಲೆಕ್ಕ ನೋಡುವುದಕ್ಕೆ ಎಂಥ ಎದೆಗಾರಿಕೆ ಬೇಕಿದ್ದಿರಬೇಕು ಎಂದು ಯೋಚಿಸಿ ನನಗೆ ಧೈರ್ಯ ಬಂತು.

ಸುರತ್ಕಲ್‌ನವರ ಮಾತು ನನ್ನ ಯೋಚನೆಯನ್ನು ತಿದ್ದಿತು ಎನ್ನಲೇಬೇಕು. ನನಗೆ ಸಲಿಗೆ ಸಹಜ, ಅವರಿಗೆ ಮೌನ ಸಹಜ. ಎರಡನ್ನೂ ಒಂದೇ ಸಂಸ್ಥೆ ತಾಳಿಕೊಳ್ಳುವಂತಿರಬೇಕು. ಗೇರುಬೀಜದ ದಾಸ್ತಾನಿನ ಕಾಗದಗಳನ್ನು ಲಗತ್ತಿಸಿ ಲಿಖಿತ ಉತ್ತರ ಸಿದ್ಧಪಡಿಸುತ್ತಿದ್ದೇನೆ. ಆ ಹಿರಿಯ ಹೆಂಗಸಿನ ಗುರುತು ಮಾತ್ರ ಅದರಲ್ಲಿ ಎಲ್ಲಿಯೂ ಬಾರದಂತೆ ನೋಡಿಕೊಂಡಿದ್ದೇನೆ. ನನ್ನ ಬಡ್ತಿಗಾಗಿ ಅವರ ಕೂಲಿಗೆ ಕುತ್ತು ಬರಬಾರದು.

ವೈದ್ಯೆ, ಕಾರ್ಕಳ

ಹೆಸರಿನ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಮದುವೆಯಾಗಿ ರಜೆ ಮುಗಿಸಿ ಬಂದ ದಿನ ಆಸ್ಪತ್ರೆಯ ನನ್ನ ಕೋಣೆಯ ಬಾಗಿಲಿಗೆ ಹೊಸ ಫಲಕ ಬಂದಿತ್ತು. ನನ್ನನ್ನು ಕೇಳದೆಯೇ ಪತಿಯ ಮನೆತನದ ಹೆಸರನ್ನು ಸೇರಿಸಿದ್ದರು. ಪ್ರೀತಿಯಿಂದಲೇ ಮಾಡಿದ್ದರು ಎಂಬುದೂ ನಿಜ. ಪದವಿ ಪ್ರಮಾಣಪತ್ರ, ವೈದ್ಯಕೀಯ ಮಂಡಳಿಯ ನೋಂದಣಿ, ಪ್ರಕಟವಾದ ಲೇಖನಗಳು ಎಲ್ಲವೂ ನನ್ನ ಹುಟ್ಟುಹೆಸರಿನಲ್ಲಿವೆ. ಮದುವೆಯಾದ ಹೆಣ್ಣು ಹೆಸರು ಬದಲಿಸಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಹಳೆಯ ಫಲಕವನ್ನೇ ಹಾಕಿಸಿಕೊಂಡೆ.

ತುಳುನಾಡಿನಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ತಾಯಿಯ ಕಡೆಯಿಂದ ವಂಶವನ್ನು ಎಣಿಸುವ ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದು ತಾಯಿಯಿಂದ, ಆಸ್ತಿಯ ಹಕ್ಕೂ ಹೆಣ್ಣಿನ ಸಂತತಿಯಲ್ಲಿಯೇ ಹರಿಯುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಯಜಮಾನನ ಜೊತೆಗೆ ಯಜಮಾನ್ತಿಯನ್ನೂ ಗುರುತಿಸುತ್ತದೆ. ಹಾಗೆಂದು ನಮ್ಮ ಅಜ್ಜಿಯರೆಲ್ಲ ಸರ್ವಸ್ವತಂತ್ರರಾಗಿದ್ದರು ಎಂದು ಬೀಗುವುದು ಬೇಡ. ಹೆಚ್ಚಿನ ಮನೆಗಳಲ್ಲಿ ಆಡಳಿತ ನಡೆಸಿದವರು ಸೋದರಮಾವಂದಿರೇ. ಆದರೂ ಮದುವೆಯಾದ ಮೇಲೂ ತಾಯಿಯ ಬಳಿಯಲ್ಲೇ ಉಳಿಯುವ ಹೆಣ್ಣನ್ನು ಕಂಡು ಬೆಳೆದ ನಾಡಿದು. ಇಲ್ಲಿ ವೃತ್ತಿಯಲ್ಲಿ ಹುಟ್ಟುಹೆಸರನ್ನು ಉಳಿಸಿಕೊಳ್ಳುವುದು ಹೊರಗಿನಿಂದ ಬಂದ ಹೊಸ ಹಟವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಫಿಸಿಯೋಥೆರಪಿಸ್ಟ್, ದೇರಳಕಟ್ಟೆ

ನಾನು ಬ್ಯಾರಿ ಸಮುದಾಯದವಳು, ತಲೆವಸ್ತ್ರ ಧರಿಸಿಯೇ ಕೆಲಸ ಮಾಡುತ್ತೇನೆ. ಉಡುಪಿಯ ಕಾಲೇಜೊಂದರಲ್ಲಿ ಎದ್ದ ತಲೆವಸ್ತ್ರದ ಪ್ರಶ್ನೆ 2022ರಲ್ಲಿ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋದ ಮೇಲೆ ನನ್ನನ್ನು ನೋಡುವ ಕಣ್ಣುಗಳಲ್ಲಿ ಮೊದಲು ಒಂದು ಅಭಿಪ್ರಾಯ ಇಣುಕುತ್ತದೆ. ಪಾರ್ಶ್ವವಾಯು ಬಡಿದ ಅಜ್ಜನೊಬ್ಬರ ಮನೆಯವರು ಮೊದಲ ದಿನ ಬೇರೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ್ದರು. ನಾನು ಏನೂ ಹೇಳದೆ ಅಜ್ಜನ ಮುಚ್ಚಿದ ಮುಷ್ಟಿಯನ್ನು ಹೆಬ್ಬೆರಳಿನ ಬುಡದಿಂದ ಮೆಲ್ಲಗೆ ಬಿಡಿಸುತ್ತಾ ಅವರೊಂದಿಗೆ ತುಳುವಿನಲ್ಲಿ ಕೋಳಿ ಅಂಕದ ಸುದ್ದಿ ಮಾತನಾಡಿದೆ. ಕೆಲವು ವಾರಗಳಲ್ಲಿ ಅವರು ಲೋಟ ಹಿಡಿಯುವಂತಾದರು, ಮನೆಯವರು ಈಗ ನನ್ನ ಪಾಳಿ ಕೇಳಿಕೊಂಡೇ ಬರುತ್ತಾರೆ. ಆದರೆ ಪ್ರತಿ ಹೊಸ ರೋಗಿಯ ಮುಂದೆಯೂ ನಾನು ಮತ್ತೆ ಮೊದಲಿನಿಂದ ನನ್ನನ್ನು ಸಾಬೀತುಪಡಿಸಬೇಕಾಗುತ್ತದೆ. ಈ ದಣಿವು ಎಲ್ಲ ಹೆಣ್ಣುಮಕ್ಕಳಿಗೂ ಒಂದೇ ಪ್ರಮಾಣದಲ್ಲಿಲ್ಲ ಎಂಬುದನ್ನು ಈ ಚರ್ಚೆ ಮರೆಯದಿರಲಿ.

ಸಿಬ್ಬಂದಿ ವಿಭಾಗದ ವ್ಯವಸ್ಥಾಪಕ, ಬೈಕಂಪಾಡಿ

ಪುರುಷನಾಗಿ ಇಲ್ಲಿ ಹೆಚ್ಚು ಬರೆಯುವುದು ನನಗೆ ಉಚಿತವೆನಿಸುವುದಿಲ್ಲ. ಮೌಲ್ಯಮಾಪನದ ನಮೂನೆಗಳನ್ನು ಓದುವವರಲ್ಲಿ ನಾನೂ ಒಬ್ಬನಾದ್ದರಿಂದ ಒಂದೇ ಮಾತು. ನಮ್ಮಲ್ಲಿ ಈಗ ಸ್ವಭಾವದ ಬಗ್ಗೆ ಬರೆಯುವ ಪ್ರತಿ ಷರಾ ಜೊತೆಗೆ ಒಂದು ನಿರ್ದಿಷ್ಟ ಘಟನೆಯನ್ನು ಬರೆಯುವುದು ಕಡ್ಡಾಯ. ಹೀಗೆ ಮಾಡಿದ ಮೇಲೆ ಮೆತ್ತಗಿದ್ದಾರೆ, ಜೋರಿದ್ದಾರೆ, ಭಾವುಕರು ಎಂಬಂಥ ಷರಾಗಳು ಎಷ್ಟೋ ಕಡಿಮೆಯಾಗಿವೆ. ವಕೀಲರ ಸಲಹೆ ವ್ಯವಹಾರದಲ್ಲಿ ನಡೆಯುವಂಥದ್ದೇ ಎಂದು ಹೇಳಬಲ್ಲೆ.

ಅತಿಥಿ ಉಪನ್ಯಾಸಕಿ, ಮಲ್ಪೆ

ಎಲ್ಲರ ಮಾತನ್ನೂ ಓದಿದೆ. ಇಲ್ಲಿ ಬರೆದವರಲ್ಲಿ ಹೆಚ್ಚಿನವರಿಗೆ ಕಾಯಂ ಉದ್ಯೋಗವಿದೆ ಅಥವಾ ಸ್ವಂತ ವೃತ್ತಿಯಿದೆ. ನಮ್ಮಂಥವರು ಪ್ರತಿ ಶೈಕ್ಷಣಿಕ ವರ್ಷವೂ ಹೊಸದಾಗಿ ನೇಮಕವಾಗಬೇಕು. ವಿಭಾಗದ ಸಭೆಯಲ್ಲಿ ನಾನು ಬಾಯಿ ತೆರೆದರೆ ಮುಂದಿನ ವರ್ಷದ ಕಾರ್ಯಭಾರದ ಪಟ್ಟಿ ಕಣ್ಣೆದುರು ಬರುತ್ತದೆ. ತಾನಾಗಿ ಉಳಿಯಲು ಕಾಲ ಕೆಳಗೆ ಒಂದಿಷ್ಟು ಗಟ್ಟಿ ನೆಲ ಬೇಕು.

ನನ್ನ ಅಮ್ಮ ಮೀನು ಮಾರುವವರು. ನಸುಕಿಗೆ ಬಂದರಿನಲ್ಲಿ ಏಲಂ ಕೂಗುವಾಗ ಗಂಡಸರ ನಡುವೆ ನಿಂತು ಬಂಗುಡೆಯ ಬುಟ್ಟಿಗೆ ದರ ಕಟ್ಟುತ್ತಾರೆ. ಕಿವಿರು ಎತ್ತಿ ನೋಡಿ, ಬಣ್ಣ ಮಾಸಿದ್ದರೆ ಅಷ್ಟು ಜನರ ಮುಂದೆಯೇ ಇದು ನಿನ್ನೆಯ ಮೀನು ಎಂದು ಗಟ್ಟಿಯಾಗಿ ಹೇಳುತ್ತಾರೆ. ಅವರ ದನಿ ಜೋರೆಂದು ಬಂದರಿನಲ್ಲಿ ಯಾರೂ ಆಕ್ಷೇಪಿಸುವುದಿಲ್ಲ, ಏಕೆಂದರೆ ದೋಣಿಯ ಸದ್ದಿನ ನಡುವೆ ಆ ದನಿಯೇ ಅವರ ಬಂಡವಾಳ. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಒಣಮೀನು ಮಾರಿ ಸಂಸಾರ ದಾಟಿಸುತ್ತಾರೆ. ಬುಟ್ಟಿ ಅವರದು, ಗಿರಾಕಿಗಳು ಅವರವರು. ಹಾಗಾಗಿ ಯಾರ ಮರ್ಜಿಗೂ ದನಿ ತಗ್ಗಿಸಬೇಕಾಗಿಲ್ಲ. ಆ ದುಡಿಮೆಯಿಂದ ಎಂ.ಎ. ಓದಿದ ನನಗೆ, ಮೀನು ಮಾರುವವರ ಹಾಗೆ ಗಟ್ಟಿಯಾಗಿ ಪಾಠ ಮಾಡಬೇಡಿ ಎಂದು ಒಬ್ಬ ಹಿರಿಯರು ಹೇಳಿದರು. ಎಂಬತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಕೊನೆಯ ಬೆಂಚಿನವರೆಗೆ ಕೇಳಿಸುವ ಈ ದನಿ ಅಮ್ಮನಿಂದ ಬಂದದ್ದು. ಅದನ್ನು ನಾನು ತಗ್ಗಿಸಿಲ್ಲ, ತಗ್ಗಿಸುವುದೂ ಇಲ್ಲ.

ಈಗ ನನಗೊಂದು ನೆರವು ಬೇಕು. ಖಾಸಗಿ ಕಾಲೇಜೊಂದರಲ್ಲಿ ಕಾಯಂ ಹುದ್ದೆಗೆ ಸಂದರ್ಶನವಿದೆ. ಮದುವೆ ಯಾವಾಗ, ಮಕ್ಕಳಾದ ಮೇಲೆ ಕೆಲಸ ಬಿಡುತ್ತೀರಾ ಎಂದು ಅಲ್ಲಿ ಕೇಳುವುದು ಖಚಿತವೆಂದು ಹಿಂದೆ ಹೋದವರು ಹೇಳುತ್ತಾರೆ. ಸುಳ್ಳು ಹೇಳಲು ಇಷ್ಟವಿಲ್ಲ, ಜಗಳವಾಡಲೂ ಆಗದು. ಹೇಗೆ ಉತ್ತರಿಸಲಿ?

ವಕೀಲೆ, ಮಂಗಳೂರು

ಮಲ್ಪೆಯವರಿಗೆ ತಿಳಿದಿರಲಿ: ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಮಾಡುವುದನ್ನು 1976ರ ಸಮಾನ ವೇತನ ಕಾಯ್ದೆಯೇ ನಿಷೇಧಿಸಿತ್ತು, ಆ ಆಶಯ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಇದೆ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು. ಸೇರಿದ ಮೊದಲ ವಾರದಲ್ಲಿಯೇ, ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಯ ಸದಸ್ಯರು ಯಾರೆಂದು ಕೇಳಿ ಬರೆದಿಟ್ಟುಕೊಳ್ಳಿ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ಇರಲೇಬೇಕು, ಅಧ್ಯಕ್ಷೆ ಮಹಿಳೆಯೇ ಆಗಿರಬೇಕು. ದೇಹ, ಉಡುಪುಗಳ ಬಗ್ಗೆ ಲೈಂಗಿಕ ಧಾಟಿಯ ಮಾತು ಬಂದರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕಾಗುತ್ತದೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂಜಿಬೆಟ್ಟು, ಉಡುಪಿ

ಮಲ್ಪೆಯ ತಂಗಿಗೆ. ಇಂಥ ಸಂದರ್ಶನಗಳಲ್ಲಿ ನಾನು ಮೇಜಿನ ಎರಡೂ ಬದಿಗಳಲ್ಲಿ ಕುಳಿತಿದ್ದೇನೆ. ಆ ಪ್ರಶ್ನೆಯ ಹಿಂದಿರುವ ಆತಂಕ ನೀವು ವರ್ಷದ ನಡುವೆ ಬಿಟ್ಟು ಹೋದರೆ ತರಗತಿಗಳ ಗತಿಯೇನು ಎಂಬುದು. ಆ ಆತಂಕಕ್ಕೆ ಮಾತ್ರ ಉತ್ತರ ಕೊಡಿ. "ವಿದ್ಯಾರ್ಥಿಗಳ ವರ್ಷವನ್ನು ನಡುವೆ ಬಿಟ್ಟವಳು ನಾನಲ್ಲ, ಇದುವರೆಗಿನ ನನ್ನ ತರಗತಿಗಳ ದಾಖಲೆ ಇಲ್ಲಿದೆ. ಮನೆಯ ತೀರ್ಮಾನಗಳನ್ನು ಮನೆಯವರೊಂದಿಗೆ ಮಾಡುತ್ತೇನೆ" ಎಂದು ಸಮಾಧಾನದಿಂದ ಹೇಳಿ, ಕಡತವನ್ನು ಅವರ ಕಡೆಗೆ ಸರಿಸಿ. ಕಳೆದ ವರ್ಷಗಳ ಫಲಿತಾಂಶ, ಪೂರ್ಣಗೊಳಿಸಿದ ಪಾಠಗಳ ವಿವರ, ಪ್ರಾಂಶುಪಾಲರ ಪತ್ರ ಇವಿಷ್ಟೂ ಆ ಕಡತದಲ್ಲಿರಲಿ. ತಂದೆತಾಯಿಯ ಉದ್ಯೋಗ ಕೇಳಿದರೆ ಅಮ್ಮ ಮೀನಿನ ವ್ಯಾಪಾರಿ ಎಂದು ನಿಮ್ಮ ಸಹಜವಾದ ದನಿಯಲ್ಲಿಯೇ ಹೇಳಿ.

ನನ್ನ ಮನೆ ಕುಂಜಿಬೆಟ್ಟಿನಲ್ಲಿಯೇ ಇರುವುದರಿಂದ ನಿಮಗೆ ದೂರವಾಗಲಿಕ್ಕಿಲ್ಲ. ಸಂದರ್ಶನಕ್ಕೆ ಮುಂಚೆ ಯಾವುದಾದರೂ ಸಂಜೆ ಕಡತ ಹಿಡಿದುಕೊಂಡು ಬನ್ನಿ. ಅವರು ಕೇಳಬಹುದಾದ ಪ್ರಶ್ನೆಗಳನ್ನೆಲ್ಲ, ಮುಜುಗರದವನ್ನೂ ಬಿಡದೆ, ನಾನು ಕೇಳುತ್ತೇನೆ. ನಿಮ್ಮ ಉತ್ತರ ನಿಮಗೇ ಒಪ್ಪಿಗೆಯಾಗುವವರೆಗೆ ಅಭ್ಯಾಸ ಮಾಡೋಣ. ಕದ್ರಿಯ ತಂಗಿಯೂ ತಮ್ಮ ಲಿಖಿತ ಉತ್ತರದ ಕರಡನ್ನು ಕಳುಹಿಸಿದರೆ ಓದಿ ಹೇಳುತ್ತೇನೆ.